ಮಳೆ ನಕ್ಷತ್ರಗಳೂ ರಾಗಿಯ ಬಿತ್ತನೆಯೂ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಬೇಸಾಯಗಾರರು ಮಳೆಗಾಲವನ್ನು ನಕ್ಷತ್ರಗಳಿಂದ ಎಣಿಸುವ ಪದ್ಧತಿಯು ಪುರಾತನವಾದುದು. ಯುಗಾದಿಯಂದು ಪಂಚಾಂಗಶ್ರವಣ ಮಾಡಿ, ಹೊನ್ನಾರು ಹೂಡಿ, ಮುಂಬರುವ ಮಳೆಗಳ ಲೆಕ್ಕವನ್ನು ಮನಸ್ಸಿನಲ್ಲಿಡುವುದು ವಾಡಿಕೆ. ಈ ಲೆಕ್ಕದ ಗುಣವೇನು, ಅದನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಅರಿತಿರುವುದು ಅವಶ್ಯಕ.

ಸೂರ್ಯನು 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ಸುತ್ತಿಬರುವನು. ಒಂದೊಂದರಲ್ಲಿ 13 ಅಥವಾ 14 ದಿನವಿರುವನು. ಅವನಿರುವ ನಕ್ಷತ್ರದ ಹೆಸರೇ ಆಗಿನ ಮಳೆಯ ಹೆಸರು. ಆದಕಾರಣ ಆರಿದ್ರೆ ಮಳೆಯ ಕಾಲದಲ್ಲಿ ಆರಿದ್ರಾ ನಕ್ಷತ್ರವು ಸೂರ್ಯನ ಬೆಳಕಿನಲ್ಲಿ ಮರೆಯಾಗಿ ಕಣ್ಣಿಗೆ ಬೀಳದು. ಚಾಂದ್ರಮಾನದ ಮಾಸಗಳು ಅಧಿಕಮಾಸದ ದೆಸೆಯಿಂದ ಹಿಂದುಮುಂದಾದರೂ, ಈ ಎಣಿಕೆಯು ವರ್ಷವರ್ಷವೂ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುವುದು. ಬೇಸಾಯಕ್ಕೆ ಇದು ಒದಗಿದುದು ಈ ಕಾರಣದಿಂದಲೇ.

ಏಪ್ರಿಲ್ ಕೊನೆಯ ಭರಣಿ ಮಳೆಗೆ ಉಳುಮೆಯೂ ಮುಂಗಾರು ಎಳ್ಳಿನ ಬಿತ್ತನೆಯೂ ನಡೆಯುವುವು. ಜುಲೈ ತಿಂಗಳ ಪುನರ್ವಸು, ಪುಷ್ಯ ಮಳೆಗಳಿಗೆ ರಾಗಿಯನ್ನೂ, ಅಕ್ಕಡಿ ಸಾಲುಗಳಲ್ಲಿ ಅವರೆ, ಹುಚ್ಚೆಳ್ಳುಗಳನ್ನೂ ಬಿತ್ತುವರು. ಸೆಪ್ಟೆಂಬರಿನ ಉತ್ತರೆಗೆ ಹುರುಳಿ. ರಾಗಿಯು ತೆನೆ ಬಿಟ್ಟು ಕಾಳುಕಟ್ಟುವುದು ಹಸ್ತ, ಚಿತ್ತೆ ಮಳೆಗಳ ಆಸರೆಯಲ್ಲಿ. ನಾಟಿ ಅವರೆಯಂತೂ ಹಗಲು ಕಿರಿದಾದ ಮೇಲೆಯೇ ಹೂ ಬಿಡುವ ಗಿಡ. ಮಾಗಡಿಯ ಸೊಗಡಿನ ಕಾಯಿ ಚಳಿಗಾಲದಲ್ಲಿ ಸಂತೆಗೆ ಬರುವುದು ಇದರಿಂದಲೇ.

ಆದರೆ ಈ ಎಣಿಕೆಯು ನಕ್ಷತ್ರಗಳನ್ನು ಅನುಸರಿಸಿದುದು. ಋತುಗಳಾದರೋ ವಿಷುವವನ್ನು ಅನುಸರಿಸುವುವು. ಇವೆರಡಕ್ಕೂ ಸುಮಾರು 72 ವರ್ಷಗಳಿಗೊಂದು ದಿನದ ಅಂತರ ಬೀಳುತ್ತದೆ. ಕ್ರಿ.ಶ. 500ರ ಸುಮಾರಿನಲ್ಲಿ ವಿಷುವದ ಹತ್ತಿರವೇ ಬರುತ್ತಿದ್ದ ಮೇಷ ಸಂಕ್ರಮಣವು ಈಗ ಏಪ್ರಿಲ್ 14ಕ್ಕೆ ಬರುತ್ತದೆ. 500 ವರ್ಷಗಳ ಹಿಂದಿನ ಗಾದೆಯಿದ್ದರೆ, ಅದು ಹೇಳುವ ಮಳೆಯು ಋತುವಿನಲ್ಲಿ ಈಗ 7 ದಿನ ತಡವಾಗಿದೆಯೆಂದು ತಿಳಿಯಬೇಕು. ಮೇಲಾಗಿ, ನಕ್ಷತ್ರವು ಕಾಲವನ್ನು ಗುರುತಿಸುವುದೇ ಹೊರತು ಮೋಡವನ್ನು ಕರೆತರುವುದಿಲ್ಲ. ಮಳೆ ಹುಟ್ಟಿತೆಂದು ಒಣ ನೆಲಕ್ಕೆ ಚೆಲ್ಲಿದ ಬೀಜವು ವ್ಯರ್ಥ. ನಕ್ಷತ್ರಕ್ಕಾಗಿ ಕಾದು ಹದವನ್ನು ಕಳೆದುಕೊಂಡರೂ ಅಷ್ಟೇ ನಷ್ಟ.

ಆದ್ದರಿಂದ ನೆಲದ ಹದವನ್ನು ನೋಡಿ ಬಿತ್ತತಕ್ಕದ್ದು. ತಡವಾದಷ್ಟೂ ಕಡಿಮೆ ಅವಧಿಯ ತಳಿಯನ್ನು ಆರಿಸತಕ್ಕದ್ದು. ಮಳೆ ಬೇಗ ಬಂದರೆ 120-125 ದಿನಗಳ ಎಂ.ಆರ್.-1, ಜುಲೈ ಕಳೆಯುತ್ತಿದ್ದರೆ 110-115 ದಿನಗಳ ಜಿ.ಪಿ.ಯು.-28, ಇನ್ನೂ ತಡವಾದರೆ 95-100 ದಿನಗಳ ಜಿ.ಪಿ.ಯು.-48 ಉಚಿತ. ಮುಖಂಡರು ಊರಿಗೊಂದು ಮಳೆಮಾಪಕವನ್ನಿಡಿಸಿ, ಪ್ರತಿ ನಕ್ಷತ್ರಕ್ಕೆ ಬಿದ್ದ ಮಳೆಯನ್ನು ಬರೆದಿಡಿಸಿದರೆ, ಕೆಲವು ವರ್ಷಗಳಲ್ಲಿ ಆ ಊರಿನದೇ ಆದ ಮಳೆಯ ಲೆಕ್ಕವು ದೊರೆಯುವುದು.