ಹೊಲಕ್ಕೆ ಬಂದ ನೀರು ತಾಯಿಯ ಊಟಕ್ಕೂ ಬರಲಿ

ಮುಂಗಾರು ಬಿತ್ತನೆಯ ದಿನಗಳಲ್ಲಿ ನಮ್ಮಲ್ಲಿಗೆ ಚಿಕಿತ್ಸೆಗೆ ಬರುವ ತಾಯಂದಿರಲ್ಲಿ ಅನೇಕರದು ಒಂದೇ ದೂರು: ಮೈಯಲ್ಲಿ ಕಸುವಿಲ್ಲ, ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಕೆಳರೆಪ್ಪೆಯನ್ನು ಸರಿಸಿ ನೋಡಿದರೆ ಕೆಂಪಾಗಿರಬೇಕಾದ ಒಳಭಾಗ ಬಿಳಿಚಿಕೊಂಡಿರುತ್ತದೆ. "ಏನು ಉಣ್ಣುತ್ತೀರಿ, ತಾಯಿ?" ಎಂದು ಕೇಳಿದರೆ, "ರೊಟ್ಟಿ, ಖಾರ, ಚಹಾ" ಎಂಬ ಉತ್ತರ. ಇವರಲ್ಲಿ ಮಳೆಯನ್ನೇ ನಂಬಿದವರಷ್ಟೇ ಅಲ್ಲ, ಕೊಳವೆಬಾವಿ, ಕೃಷಿಹೊಂಡಗಳಿರುವ ಮನೆಯವರೂ ಇದ್ದಾರೆ. ಹೊಲ ಹಸಿರಾಗಿರುವಾಗಲೂ ಮನೆಯೊಡತಿ ಬಿಳಿಚಿಕೊಳ್ಳುವುದೇಕೆ?

ಆಯುರ್ವೇದವು ಪಾಂಡುರೋಗವೆಂದು ವಿವರಿಸುವ ಸ್ಥಿತಿಯು ಇಂದಿನ ರಕ್ತಹೀನತೆಗೆ ಬಹುಮಟ್ಟಿಗೆ ಹೋಲುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 47.8ರಷ್ಟು ಮಂದಿ ರಕ್ತಹೀನತೆಯುಳ್ಳವರು. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು.

ಋತುಗಳಿಗೂ ಇದಕ್ಕೂ ಸಂಬಂಧವಿದೆ. ಹೇಮಂತ-ಶಿಶಿರಗಳಲ್ಲಿ ದೇಹಬಲವು ಅಧಿಕ, ಗ್ರೀಷ್ಮ-ವರ್ಷಗಳಲ್ಲಿ ಕನಿಷ್ಠ ಎಂದು ಚರಕಸಂಹಿತೆಯ ಋತುಚರ್ಯೆ ಹೇಳುತ್ತದೆ. ಉತ್ತರ ಕರ್ನಾಟಕದ ಎರೆಭೂಮಿಯ ಊಟವೂ ಇದೇ ಕ್ರಮದಲ್ಲಿ ಏರಿಳಿಯುತ್ತದೆ. ಎಳ್ಳ ಅಮಾವಾಸ್ಯೆಯ ಚರಗದ ಹೊತ್ತಿಗೆ ಕಡಲೆ ಸೊಪ್ಪು, ಹಸಿಗಡಲೆ, ಬದನೆ, ಮೆಂತ್ಯ ಎಲ್ಲವೂ ಉಂಟು. ಚೈತ್ರ ಕಳೆದಂತೆ ಹೊಲ ಬರಿದಾಗಿ ಕಾಯಿಪಲ್ಯ ತುಟ್ಟಿಯಾಗುತ್ತದೆ. ಬಿತ್ತನೆ, ಕಳೆ ತೆಗೆಯುವ ಕೆಲಸಗಳು ಬರುವಷ್ಟರಲ್ಲಿ ಕಣಜವೂ ತಗ್ಗಿರುತ್ತದೆ. ದೇಹಬಲ ಕ್ಷೀಣಿಸಿದ ಕಾಲದಲ್ಲೇ ದುಡಿಮೆ ಹೆಚ್ಚು, ಪೋಷಣೆ ಕಡಿಮೆ.

ಈ ಕೊರತೆಯ ತಿಂಗಳುಗಳನ್ನು ತುಂಬಬಲ್ಲದ್ದು ಸಣ್ಣ ನೀರಾವರಿ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ನಮ್ಮ ಬಯಲುಸೀಮೆಯ ಅನೇಕ ಹೊಲಗಳಲ್ಲಿ ಕೃಷಿಹೊಂಡಗಳಾಗಿವೆ. ಆದರೆ ನೀರು ಬಂದ ಮಾತ್ರಕ್ಕೆ ಊಟ ಸುಧಾರಿಸುವುದಿಲ್ಲ. ಜೋಳದ ನಡುವೆ ಅಕ್ಕಡಿಯಾಗಿ ಬೆಳೆಯುತ್ತಿದ್ದ ಪುಂಡಿ, ಅಲಸಂದೆ, ಹೆಸರುಗಳು ಕಬ್ಬು ಬಂದಾಗ ಹೊಲ ಬಿಟ್ಟು ಹೋಗುತ್ತವೆ. ಕಳೆ ತೆಗೆಯುವ ಹೆಣ್ಣುಮಕ್ಕಳು ಉಡಿಯಲ್ಲಿ ಕಟ್ಟಿಕೊಂಡು ತರುತ್ತಿದ್ದ ಕಿರಕಸಾಲಿ, ಗೋಳಿ ಸೊಪ್ಪುಗಳು ಕಳೆನಾಶಕಕ್ಕೆ ಬಲಿಯಾಗುತ್ತವೆ. ಬೆಳೆಯ ಹಣ ಸಾಲಕ್ಕೆ, ಗೊಬ್ಬರಕ್ಕೆ ಸಲ್ಲುತ್ತದೆ. ಅಡುಗೆಮನೆಗೆ ಬರುವುದು ಉಳಿದುದು ಮಾತ್ರ. ನೀರಿಲ್ಲದ ಹೊಲ ಬೇಸಿಗೆಯಲ್ಲಿ ಕಸಿದುಕೊಂಡ ಸೊಪ್ಪನ್ನು ನೀರುಂಡ ಹೊಲ ವರ್ಷವಿಡೀ ಕಸಿದುಕೊಂಡರೆ ಆ ನೀರಿನಿಂದ ತಾಯಿಗೇನು ಫಲ?

ಆದುದರಿಂದ ನಮ್ಮ ವಿನಂತಿ ಸರಳವಾದುದು. ನೀರಿರುವ ಪ್ರತಿಯೊಬ್ಬರೂ ಅರ್ಧ ಗುಂಟೆಯನ್ನು ಮನೆಯ ಊಟಕ್ಕೆಂದು ಮೀಸಲಿಡಬೇಕು. ಇಷ್ಟು ನೆಲಕ್ಕೆ ಬೇಸಿಗೆಯಲ್ಲಿಯೂ ದಿನಕ್ಕೆ ಸುಮಾರು 300 ಲೀಟರ್, ಅಂದರೆ 20 ಕೊಡ ನೀರು ಸಾಲುತ್ತದೆ. ಹನಿ ನೀರಾವರಿಯಿದ್ದು, ಬುಡಕ್ಕೆ ಒಣ ರವದಿಯ ಹೊದಿಕೆ ಹಾಕಿದರೆ ಇನ್ನೂ ಕಡಿಮೆ. ಮಾಘದಿಂದಲೇ ರಾಜಗಿರಿ, ಪಾಲಕಗಳನ್ನು ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಬಿತ್ತಿದರೆ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಕೊಯ್ಲಿಗೆ ಬರುತ್ತದೆ. ಬದುವಿನಲ್ಲಿ ಎರಡು ನುಗ್ಗೆ, ಒಂದು ನಿಂಬೆ ಇರಲಿ. ನೀರಿಲ್ಲದವರು ಬಚ್ಚಲ ನೀರಿಗೆ ನುಗ್ಗೆಯನ್ನಾದರೂ ನೆಡಬಹುದು. ಚಳಿಗಾಲದಲ್ಲಿ ಕಡಲೆ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಇಡುವ ಹಿರಿಯರ ಪದ್ಧತಿಯನ್ನೂ ಬಿಡಬಾರದು. ಹೊಂಡದ ಸುತ್ತ ಬೇಲಿ ಮಾತ್ರ ತಪ್ಪದೆ ಇರಲಿ. ಮಕ್ಕಳ ಜೀವ ದೊಡ್ಡದು.

ದಿನಕ್ಕೆ 100 ಗ್ರಾಂ ಸೊಪ್ಪು ಬೇಕೆಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆ. ಸಸ್ಯಾಹಾರದ ಕಬ್ಬಿಣಾಂಶವನ್ನು ದೇಹವು ಸುಲಭವಾಗಿ ಹೀರಿಕೊಳ್ಳುವುದಿಲ್ಲವಾದ್ದರಿಂದ ಪಲ್ಯಕ್ಕೆ ನಿಂಬೆರಸ ಹಿಂಡಬೇಕು. ಊಟದೊಂದಿಗೂ ಊಟದ ನಂತರ ಒಂದು ಗಂಟೆಯವರೆಗೂ ಚಹಾ ಸಲ್ಲದು. ಜೊತೆಗೆ ಬೇಳೆ, ಮೊಳಕೆ ಕಾಳು, ಅಗಸೆ ಅಥವಾ ಗುರೆಳ್ಳಿನ ಹಿಂಡಿ ಇರಲಿ. ವರ್ಷಋತುವಿನಲ್ಲಿ ಅಗ್ನಿ ಮಂದವಾಗಿರುವುದರಿಂದ ಸೊಪ್ಪನ್ನು ಚೆನ್ನಾಗಿ ತೊಳೆದು, ಜೀರಿಗೆ-ಶುಂಠಿ ಸೇರಿಸಿ, ಬೇಯಿಸಿಯೇ ಉಣ್ಣಬೇಕು.

ಆಹಾರವೊಂದೇ ಎಲ್ಲರನ್ನೂ ಗುಣಪಡಿಸೀತೆಂದು ನಾವು ಹೇಳುವುದಿಲ್ಲ. ದಣಿವು, ಏದುಸಿರು, ಅತಿಸ್ರಾವವಿದ್ದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲಿ. ಅದು 12 ಗ್ರಾಂಗಿಂತ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಅಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನು ನಮ್ಮ ಕಷಾಯವನ್ನು ನಂಬಿ ನಿಲ್ಲಿಸಬಾರದು.

ಕೊನೆಯದಾಗಿ ಮನೆಯ ಹಿರಿಯರಲ್ಲಿ ಒಂದು ಮಾತು. ಸೊಪ್ಪು ಬೆಳೆದು, ಪಲ್ಯ ಮಾಡಿ, ಎಲ್ಲರಿಗೂ ಬಡಿಸಿದ ತಾಯಿಗೆ ಕೊನೆಗೆ ಪಾತ್ರೆಯ ತಳವಷ್ಟೇ ಉಳಿದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಹಗಲೆಲ್ಲ ಕಾಯಕ ಮಾಡಿದವಳು ಅವಳೂ ಹೌದು. ಇಂದಿನ ರಾತ್ರಿಯಿಂದಲೇ ಅವಳ ಪಾಲನ್ನು ಮೊದಲು ತೆಗೆದಿಟ್ಟು, ಅನಂತರ ನಾವು ಉಣ್ಣೋಣ. ದಾಸೋಹ ನಮ್ಮ ಮನೆಯೊಳಗಿನಿಂದಲೇ ಆರಂಭವಾಗಲಿ.