ಕೆರೆಯ ಈಜು, ಕಡಲಿನ ಕುಟುಕು

ದರೋಜಿಯ ಕೆರೆಯಲ್ಲಿ ಈಜು ಕಲಿತವನಿಗೆ ನೀರಿನ ಭಯವೆಂದರೆ ಆಳದ ಭಯ, ಕೆಸರಿನ ಭಯ. ಹಂಪೆ, ಕಂಪ್ಲಿಗಳ ಬಳಿ ಹೊಳೆಗಿಳಿಯುವವನು ತುಂಗಭದ್ರೆಯ ಸೆಳವಿಗೂ ಅಂಜುತ್ತಾನೆ. ನೀರಿನೊಳಗೆ ಮೈ ಉರಿದೀತೆಂಬ ಶಂಕೆ ಮಾತ್ರ ಇವರಾರಿಗೂ ಬಾರದು. ಆದರೆ ಹೊಸಪೇಟೆಯಿಂದ ಹುಬ್ಬಳ್ಳಿಯ ಮಾರ್ಗವಾಗಿ ಅಂಕೋಲೆಗೆ ಹೆದ್ದಾರಿಯುಂಟು. ರಜೆ ಬಂದರೆ ಈ ಸೀಮೆಯ ಸಂಸಾರಗಳಿಗೆ ಗೋಕರ್ಣ, ಮುರುಡೇಶ್ವರಗಳು ತೀರ ದೂರವಲ್ಲ. ಅಲ್ಲಿ ಎದೆಮಟ್ಟದ ಅಲೆಯಲ್ಲಿ ನಿಂತ ಕೆರೆಯ ಈಜುಗಾರನ ತೊಡೆಗೆ ಒಮ್ಮೆಲೇ ಕಾದ ಸರಿಗೆ ಸುತ್ತಿದಂತಾಗುತ್ತದೆ. ನೋಡಿದರೆ ಹಲ್ಲಿನ ಗುರುತಿಲ್ಲ. ಕೆಂಪಗೆ ಬಾಸುಂಡೆ ಎದ್ದಿದೆ. ಕುಟುಕಿದ್ದು ಅಂಬಲಿಮೀನು; ಪೇಟೆಯ ಮಾತಿನಲ್ಲಿ ಜೆಲ್ಲಿ ಫಿಶ್.

ಹೆಸರಿನಲ್ಲಿ ಮೀನಿದ್ದರೂ ಇದು ಮೀನಲ್ಲ. ಇದಕ್ಕೆ ಎಲುಬಿಲ್ಲ, ಹೃದಯವಿಲ್ಲ, ಮಿದುಳೂ ಇಲ್ಲ. ದೇಹದ ಬಹುಪಾಲು ಬರಿಯ ನೀರು. ಕೊಡೆಯಂತಹ ಮೈಯಿಂದ ಇಳಿಬಿದ್ದ ಎಳೆಗಳಲ್ಲಿ ಸಾವಿರಾರು ಕುಟುಕು ಕಣಗಳಿವೆ. ಒಂದೊಂದು ಕಣದಲ್ಲಿಯೂ ಒಂದು ಸೂಕ್ಷ್ಮ ಸಂಪುಟ. ಅದರೊಳಗೆ ಸುರುಳಿ ಸುತ್ತಿಟ್ಟ ಟೊಳ್ಳು ನೂಲು. ಏನಾದರೂ ತಾಕಿದೊಡನೆ ಮುಚ್ಚಳ ತೆರೆದು ನೂಲು ಹೊರಚಿಮ್ಮಿ ವಿಷವನ್ನು ಚುಚ್ಚುತ್ತದೆ. ಜೀವಲೋಕದ ಅತಿವೇಗದ ಚಲನೆಗಳಲ್ಲಿ ಇದೂ ಒಂದು. ಇದಕ್ಕೆ ಆ ಪ್ರಾಣಿಯ ಕೋಪವೂ ಬೇಡ, ಜೀವವೂ ಬೇಡ. ಮರಳಿನ ಮೇಲೆ ಸತ್ತು ಬಿದ್ದ ಅಂಬಲಿಮೀನೂ ಮಗುವಿನ ಬೆರಳನ್ನು ಕುಟುಕಬಲ್ಲದು.

ಕೆರೆಯಲ್ಲಿ ಕಲಿತ ಜಾಣತನವು ತಪ್ಪುವುದು ಇಲ್ಲಿಯೇ. ಉರಿ ತಾಳಲಾರದೆ ಈಜುಗಾರನು ದಡಕ್ಕೋಡುತ್ತಾನೆ. ಟವೆಲಿನಿಂದಲೋ ಮರಳಿನಿಂದಲೋ ತಿಕ್ಕುತ್ತಾನೆ. ನಲ್ಲಿಯ ಸಿಹಿನೀರನ್ನು ಸುರಿದುಕೊಳ್ಳುತ್ತಾನೆ. ಮೈಗಂಟಿದ ಎಳೆಗಳಲ್ಲಿ ಇನ್ನೂ ಸಿಡಿಯದ ಸಂಪುಟಗಳು ಅದೆಷ್ಟೋ ಇರುತ್ತವೆ. ತಿಕ್ಕಿದರೆ ಅವು ಸಿಡಿಯುತ್ತವೆ; ಉಪ್ಪುನೀರಿಗೆ ಒಗ್ಗಿದ ಅವುಗಳಿಗೆ ಸಿಹಿನೀರು ತಾಕಿದರೂ ಸಿಡಿಯಬಹುದು. ಮೂತ್ರವೇ ಮದ್ದೆಂಬ ಮಾತು ಬಹಳ ಪ್ರಚಾರದಲ್ಲಿದ್ದರೂ ಅದರಿಂದ ಪ್ರಯೋಜನವಿಲ್ಲ.

ಮಾಡಬೇಕಾದುದು ಸರಳ. ಗಾಬರಿಗೊಳ್ಳದೆ ನೀರಿನಿಂದ ಹೊರಬರಬೇಕು. ಕಡಲ ನೀರನ್ನೇ ಸುರಿದು ತೊಳೆಯಬೇಕು. ಉಳಿದ ಎಳೆಗಳನ್ನು ಬರಿಗೈಯಿಂದ ಮುಟ್ಟದೆ ಚಿಮಟದಿಂದ ತೆಗೆಯಬೇಕು. ಎಳೆಗಳು ಹೋದ ಮೇಲೆ ಕುಟುಕಿದ ಭಾಗವನ್ನು ಚರ್ಮ ಸುಡದಷ್ಟು ಬಿಸಿಯ, ಎಂದರೆ ಸುಮಾರು 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 20 ನಿಮಿಷ ಇರಿಸಿದರೆ ನೋವು ತಗ್ಗುತ್ತದೆ. ಉತ್ತರ ಆಸ್ಟ್ರೇಲಿಯದ ಕಡಲತೀರಗಳಲ್ಲಿ ವಿನೆಗರ್ ಸೀಸೆಗಳನ್ನು ಇಟ್ಟಿರುತ್ತಾರೆ. ಅಲ್ಲಿಯ ಪ್ರಾಣಾಂತಕವಾದ ಪೆಟ್ಟಿಗೆ ಅಂಬಲಿಮೀನಿನ ಸಿಡಿಯದ ಸಂಪುಟಗಳನ್ನು ಅದು ತಡೆಯುತ್ತದೆ. ಆದರೆ ಬೇರೆ ಕೆಲವು ಜಾತಿಗಳಲ್ಲಿ ವಿಪರೀತ ಫಲವೂ ಉಂಟು. ಉಸಿರು ಕಟ್ಟಿದರೆ, ಎದೆ ನೊಂದರೆ, ಮುಖ ಊದಿಕೊಂಡರೆ, ಕಣ್ಣಿಗೆ ಕುಟುಕಿದರೆ ಮನೆಮದ್ದಿನ ಮಾತೇ ಸಲ್ಲದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮುಳುಗುಗಾರರ ಉಪಾಯವು ಇನ್ನೂ ಸುಲಭ: ಚರ್ಮವನ್ನು ತೋರಗೊಡದಿರುವುದು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಬಳಿ ಹವಳವನ್ನು ನೋಡಲು ಮುಳುಗುವವರಿಗೆ ಮೈಗಂಟುವ ಉಡುಪೇ ಕವಚ. ಆ ಎಳೆಗಳು ಬಹು ತೆಳು. ತೆಳ್ಳನೆಯ ಬಟ್ಟೆಯೂ ಬಹುಮಟ್ಟಿಗೆ ಅವನ್ನು ತಡೆದೀತು. ಮೇಲೇರುವಾಗ ತಲೆಯೆತ್ತಿ ನೋಡುತ್ತ ಏರುವುದು ಅನುಭವಿಗಳ ಇನ್ನೊಂದು ನಿಯಮ.

ಒಮ್ಮೆ ಕುಟುಕಿಸಿಕೊಂಡವನಿಗೆ ಮತ್ತೆ ಭಯವಿಲ್ಲವೆಂದು ಭಾವಿಸುವುದೂ ತಪ್ಪು. ಫ್ರಾನ್ಸಿನ ಶಾರ್ಲ್ ರಿಷೆ 1901ರಲ್ಲಿ ಮೊನಾಕೊ ರಾಜನ ಹಡಗಿನಲ್ಲಿ ಪಯಣಿಸುತ್ತ, ಅಂಬಲಿಮೀನಿನ ದಾಯಾದಿಯಾದ ನೀಲಿ ಗಾಳಿಚೀಲದ ಫೈಸೇಲಿಯದ ವಿಷವನ್ನು ಪರೀಕ್ಷಿಸತೊಡಗಿದನು. ಆ ಬಳಿಕ ಪ್ಯಾರಿಸ್ಸಿನಲ್ಲಿ ಕಡಲಹೂವಿನ ವಿಷವನ್ನು ನಾಯಿಗಳ ಮೇಲೆ ಪ್ರಯೋಗಿಸಿದಾಗ, ಮೊದಲ ಸಲ ಬದುಕಿ ಉಳಿದ ನಾಯಿ ಎರಡನೆಯ ಸಲ ಅಲ್ಪ ಪ್ರಮಾಣಕ್ಕೇ ಸತ್ತಿತು. ದೇಹದ ಈ ತೀವ್ರ ಪ್ರತಿಕ್ರಿಯೆಯ ಶೋಧಕ್ಕಾಗಿ ರಿಷೆಗೆ 1913ರಲ್ಲಿ ನೊಬೆಲ್ ಬಹುಮಾನ ಬಂದಿತು. 2018ರ ಆಗಸ್ಟಿನಲ್ಲಿ ಮುಂಬಯಿಯ ಕಡಲತೀರಗಳಲ್ಲಿ ಅನೇಕರನ್ನು ಕುಟುಕಿದ್ದು ಇದೇ ಫೈಸೇಲಿಯ.

ಹಾಗೆಂದು ಸಿಹಿನೀರಿಗೆ ಅಂಬಲಿಮೀನು ತೀರ ಅಪರಿಚಿತವೇನೂ ಅಲ್ಲ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ನೆಲ್ಸನ್ ಆನಂಡೇಲ್ ಎಂಬ ಪ್ರಾಣಿಶಾಸ್ತ್ರಜ್ಞನು ಸಾತಾರ ಸೀಮೆಯಲ್ಲಿ ಕೃಷ್ಣೆಗೆ ಸೇರುವ ತೊರೆಗಳ ಒಂದು ಪುಟ್ಟ ಜಾತಿಯನ್ನು ವರ್ಣಿಸಿದನು. ತುಂಗಭದ್ರೆ ಸೇರುವುದೂ ಆ ಕೃಷ್ಣೆಯನ್ನೇ. ಆದರೆ ಈ ಬಡಪಾಯಿಯಿಂದ ಮನುಷ್ಯನಿಗೆ ಅಪಾಯವಿಲ್ಲ. ಅಪಾಯವಿರುವುದು ಕೆರೆಯ ನಿಯಮವನ್ನು ಕಡಲಿಗೂ ಹೊತ್ತೊಯ್ಯುವುದರಲ್ಲಿ. ಕುಟುಕಿದ ಕಡಲ ನೀರಿನಿಂದಲೇ ಮೊದಲು ತೊಳೆಯಬೇಕೆಂಬ ಒಂದು ಮಾತು ನೆನಪಿನಲ್ಲಿದ್ದರೆ, ಮಕ್ಕಳೊಂದಿಗೆ ಕಳೆದ ಒಂದು ರಜೆ ಅಳುವಿನಲ್ಲಿ ಮುಗಿಯದೆ ಉಳಿದೀತು.