ತಾಮ್ರವನ್ನು ಶುದ್ಧ ಮಾಡುವ ವಿದ್ಯುತ್ ನಿಮ್ಮ ಮನೆಯ ನೀರನ್ನು ‘ಕೊಳಕು’ ಮಾಡುವುದೇಕೆ?

ಮನೆಗೆ ಬರುವ ನೀರಿನ ಫಿಲ್ಟರ್ ಮಾರಾಟಗಾರರ ಒಂದು ಪ್ರಯೋಗವನ್ನು ನಮ್ಮಲ್ಲಿ ಹಲವರು ನೋಡಿರುತ್ತೇವೆ. ನಲ್ಲಿ ನೀರಿನ ಲೋಟಕ್ಕೆ ಎರಡು ಲೋಹದ ಸರಳು ಇಳಿಸಿ ಸ್ವಿಚ್ ಹಾಕಿದರೆ ನಿಮಿಷದೊಳಗೆ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಅವರ ಯಂತ್ರದ ನೀರು ಮಾತ್ರ ತಿಳಿಯಾಗಿಯೇ ಇರುತ್ತದೆ. ‘ನೋಡಿ, ನೀವು ಕುಡಿಯುತ್ತಿರುವುದು ಇದನ್ನೇ’ ಎನ್ನುತ್ತಾರೆ. ಇದು ನಿಜವೇ? ಉತ್ತರ ತಾಮ್ರದ ಕಾರ್ಖಾನೆಯಲ್ಲಿದೆ.

ಕುಲುಮೆಯಲ್ಲಿ ಕರಗಿಸಿ ತೆಗೆದ ತಾಮ್ರ ಶೇಕಡಾ 99ರಷ್ಟು ಶುದ್ಧವಾಗಿರುತ್ತದೆ. ಪಾತ್ರೆಗೆ ಅಷ್ಟು ಸಾಕು, ವಿದ್ಯುತ್ ತಂತಿಗೆ ಸಾಲದು. ಆರ್ಸೆನಿಕ್‌ನಂಥ ಕಲ್ಮಶ ತುಸು ಉಳಿದರೂ ತಾಮ್ರದ ವಾಹಕತೆ ಕುಗ್ಗಿ, ತಂತಿ ಹೆಚ್ಚು ಬಿಸಿಯಾಗುತ್ತದೆ. ಅದಕ್ಕಾಗಿಯೇ ವಿದ್ಯುದ್ವಿಭಜನೆ ಬೇಕು. ಬ್ರಿಟನ್ನಿನ ಜೇಮ್ಸ್ ಎಲ್ಕಿಂಗ್ಟನ್ 1865ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದರು.

ತಾಮ್ರದ ಸಲ್ಫೇಟ್ ಮತ್ತು ಗಂಧಕಾಮ್ಲದ ದ್ರಾವಣ ತುಂಬಿದ ತೊಟ್ಟಿಯಲ್ಲಿ ಅಶುದ್ಧ ತಾಮ್ರದ ದಪ್ಪ ಹಲಗೆಯನ್ನು ತೂಗುಹಾಕಿ ವಿದ್ಯುತ್ತಿನ ಧನ ತುದಿಗೆ ಜೋಡಿಸುತ್ತಾರೆ. ಇದು ಆನೋಡ್. ಎದುರಿಗೆ ಋಣ ತುದಿಗೆ ಜೋಡಿಸಿದ ತೆಳು ಹಾಳೆ ಕ್ಯಾಥೋಡ್. ಆನೋಡಿನ ತಾಮ್ರದ ಪರಮಾಣುಗಳು ತಲಾ ಎರಡು ಎಲೆಕ್ಟ್ರಾನ್ ಬಿಟ್ಟು ಅಯಾನುಗಳಾಗಿ ದ್ರಾವಣಕ್ಕೆ ಇಳಿಯುತ್ತವೆ. ಕ್ಯಾಥೋಡ್ ತಲುಪಿದ ಅಯಾನುಗಳು ಎಲೆಕ್ಟ್ರಾನ್ ಪಡೆದು ಮತ್ತೆ ಲೋಹವಾಗಿ ಅಂಟಿಕೊಳ್ಳುತ್ತವೆ. ದಿನ ಕಳೆದಂತೆ ಆನೋಡ್ ಸವೆಯುತ್ತದೆ, ಕ್ಯಾಥೋಡ್ ದಪ್ಪವಾಗುತ್ತದೆ. ಅಲ್ಲಿ ಕೂಡುವ ತಾಮ್ರದ ಶುದ್ಧತೆ ಶೇಕಡಾ 99.99.

ಹಾಗಾದರೆ ಕಲ್ಮಶಗಳು ಎಲ್ಲಿ ಹೋದವು? ಕಬ್ಬಿಣ, ನಿಕ್ಕಲ್, ಸತು ತಾಮ್ರಕ್ಕಿಂತ ಸುಲಭವಾಗಿ ಎಲೆಕ್ಟ್ರಾನ್ ಬಿಡುತ್ತವೆ. ಹೀಗಾಗಿ ಅವೂ ಕರಗುತ್ತವೆ. ಆದರೆ ಮರಳಿ ಲೋಹವಾಗುವುದು ಅವಕ್ಕೆ ತಾಮ್ರಕ್ಕಿಂತ ಕಷ್ಟ, ಆದ್ದರಿಂದ ದ್ರಾವಣದಲ್ಲೇ ಉಳಿಯುತ್ತವೆ. ಬೆಳ್ಳಿ, ಚಿನ್ನ ಇದಕ್ಕೆ ತದ್ವಿರುದ್ಧ. ಕಾರ್ಖಾನೆಯಲ್ಲಿ ಕೊಡುವುದು ಅರ್ಧ ವೋಲ್ಟಿಗೂ ಕಡಿಮೆ. ಅಷ್ಟರಲ್ಲಿ ಅವು ಕರಗದೆ ತೊಟ್ಟಿಯ ತಳಕ್ಕೆ ಬೀಳುತ್ತವೆ. ಈ ‘ಆನೋಡ್ ಕೆಸರಿ’ನಿಂದ ಕಾರ್ಖಾನೆಗಳು ಚಿನ್ನ, ಬೆಳ್ಳಿಯನ್ನು ಬೇರ್ಪಡಿಸಿ ಮಾರುತ್ತವೆ.

ಈಗ ನೀರಿನ ಲೋಟಕ್ಕೆ ಮರಳೋಣ. ಅಲ್ಲಿರುವ ಸರಳುಗಳಲ್ಲಿ ಒಂದು ಕಬ್ಬಿಣದ್ದು. ಅದು ಆನೋಡ್ ಆದಾಗ, ತಾಮ್ರದ ಹಲಗೆಯಂತೆಯೇ ಕರಗುತ್ತದೆ. ಕರಗಿದ ಕಬ್ಬಿಣ ನೀರಿನೊಡನೆ ಸೇರಿ ತುಕ್ಕಿನ ಬಣ್ಣದ ಹೈಡ್ರಾಕ್ಸೈಡ್ ಆಗುತ್ತದೆ. ಆ ಕೊಳೆ ಸರಳಿನಿಂದ ಬಂದದ್ದು!

ಹಾಗಾದರೆ ಯಂತ್ರದ ನೀರು ಯಾಕೆ ಬಣ್ಣಗೆಡಲಿಲ್ಲ? ಆರ್‌ಓ ಯಂತ್ರ ನೀರಿನ ಲವಣಗಳನ್ನು ಬಹುಪಾಲು ತೆಗೆದಿರುತ್ತದೆ. ಲವಣವಿಲ್ಲದ ನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯದು, ಸರಳು ಕರಗದು. ನಲ್ಲಿ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಮಿತಿಯಲ್ಲಿದ್ದರೆ ವಿಷವಲ್ಲ. ಇನ್ನು ರೋಗಾಣುಗಳ ವಿಷಯದಲ್ಲಿ ಈ ಪರೀಕ್ಷೆ ಏನನ್ನೂ ಹೇಳುವುದಿಲ್ಲ.

ಮುಂದಿನ ಬಾರಿ ಯಾರಾದರೂ ಈ ಪ್ರಯೋಗ ತೋರಿಸಿದರೆ, ಅವರ ಶುದ್ಧ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೊಮ್ಮೆ ಮಾಡಲು ಹೇಳಿ. ಅದೂ ಬಣ್ಣಗೆಡುತ್ತದೆ. ನೀವೇ ಮನೆಯ ವಿದ್ಯುತ್ತಿನಲ್ಲಿ ಮಾಡಲು ಹೋಗಬೇಡಿ, ಜೀವಕ್ಕೇ ಅಪಾಯ. ನೀರಿನ ಬಗ್ಗೆ ಅನುಮಾನವಿದ್ದರೆ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಆಮೇಲೆ ಯಂತ್ರ ಬೇಕೋ ಬೇಡವೋ ನಿರ್ಧರಿಸಿ.